ಒಳಜೇಬು

ಫೆಲಿಕ್ಸನ ಮಗಳು ತಂದ ಕೋಟು
ಮೇಜಿನ ಮೇಲೆ ಬಿದ್ದಾಗಲೇ ಗೊತ್ತಾಯಿತು, ನನ್ನದೇ ಕೈ.
ಹಳದಿ ಸ್ಯಾಟಿನ್, ಹೆಗಲಿಗೆ ಜರಿಯ ಪಟ್ಟಿ.
ಎಂಬತ್ತೇಳರಲ್ಲಿ ನಾಲ್ಕು ಹೊಲಿದಿದ್ದೆ
ಉಪ್ಪಳದ ಬ್ಲೂ ಲಾಟೀನ್ ಬ್ಯಾಂಡಿಗೆ.
ಮೂರರ ಕೂಲಿ ಬಂತು.
ನಾಲ್ಕನೆಯದು ಇದು.

"ಮಗನಿಗೆ ಶಾಲೆಯಲ್ಲಿ ಛದ್ಮವೇಷ,
ಸ್ವಲ್ಪ ಸಣ್ಣ ಮಾಡಿ ಕೊಡಿ ಮಾಮ"
ಅಂದಳು, ಹೋದಳು.

ಹೊಲಿಗೆ ಬಿಚ್ಚುತ್ತಿದ್ದೆ. ಎಡ ಎದೆಯ ಅಸ್ತರಿನೊಳಗೆ
ಗಟ್ಟಿಯಾದದ್ದೇನೋ ಕತ್ತರಿಗೆ ತಾಗಿತು.
ಆ ಜೇಬು ಇಟ್ಟವನೂ ನಾನೇ.
"ಒಂದು ಕ್ಯಾಸೆಟ್ ಹಿಡಿಯುವಷ್ಟು, ಹೊರಗೆ ಕಾಣಬಾರದು"
ಎಂದು ಹೇಳಿ ಇಡಿಸಿಕೊಂಡಿದ್ದ.
ಹಿಡಿದಿತ್ತು.
ಮೇಲೆ ನೀಲಿ ಪೆನ್ನಿನಲ್ಲಿ ಎರಡಕ್ಷರ: ಬೇಡ.

ಅವರದು ಹೊರಗೆ ಬಂದದ್ದು ಒಂದೇ ಕ್ಯಾಸೆಟ್ಟು. ಎಂಟು ಹಾಡು.
ಅದನ್ನು ಕೇಳಿದ್ದೇನೆ ಎಂದರೆ ಸುಳ್ಳಾದೀತು,
ಅದರ ಮೇಲೆ ಹೊಲಿದಿದ್ದೇನೆ.
ಮೊದಲ ಹಾಡಿಗೆ ಒಂದು ಕಾಲರು,
ಮೂರನೆಯದು ಮುಗಿಯುವಾಗ ಎರಡೂ ತೋಳು,
ಬಿ ಬದಿಯ ಕೊನೆಗೆ ಕಾಜಾ, ಗುಂಡಿ.
ಐದನೆಯದರಲ್ಲಿ ಸಂಜೀವ ಎಲ್ಲಿ ಉಸಿರೆಳೆಯುತ್ತಾನೋ
ಅಲ್ಲಿ ನನ್ನ ಕಾಲೂ ಪೆಡಲಿನ ಮೇಲೆ ನಿಲ್ಲುತ್ತಿತ್ತು.
ಎಲ್ಲ ಹಾಡಿನ ಅಡಿಯಲ್ಲೂ ಸಣ್ಣಗೆ ಒಂದು ತಂಬೂರಿ.
ಯಾರು ನುಡಿಸಿದ್ದು? ಹೊದಿಕೆಯಲ್ಲಿ ಹೆಸರಿರಲಿಲ್ಲ.
ಹೆಂಗಸೇ ಇರಬೇಕು ಎಂದುಕೊಂಡೆ.
ಇಪ್ಪತ್ತಾರರ ವಯಸ್ಸು,
ಎಂದುಕೊಂಡದ್ದು ಅಷ್ಟೇ ಅಲ್ಲ.

ಮೊಯ್ದು ಹಾಜಿಯ ಮನೆಯಿಂದ ಅಬುಧಾಬಿ ಟೇಪು ತಂದೆ.
ಅಂಗಡಿಯ ಶಟರು ಅರ್ಧ ಇಳಿಸಿದೆ,
ಮಾಡಬಾರದ್ದು ಮಾಡುವವನ ಹಾಗೆ.

ಮೊದಲು ಬರಿಯ ಸುಯ್.
ಆಮೇಲೆ ಒಬ್ಬ ಕೆಮ್ಮಿದ. ಚಾ ಗ್ಲಾಸು.
"ಒಂತೆ ಉಂತುಲೆ, ರೈಲ್ ಪೋವಡ್",
ಫೆಲಿಕ್ಸನ ತುಳು, ಕೊಂಕಣಿಯ ಮೂಗಿನಲ್ಲಿ.
ಕಾಸರಗೋಡಿನ ಕಡೆಯಿಂದ ಬಂದ ಗಾಡಿ
ಅವರ ನಡುವಿನಿಂದಲೇ ಹಾದುಹೋಯಿತು.
ಅದು ಹೋಗುವ ತನಕ ಅದ್ರಾಮ,
ಡ್ರಮ್ಮಿನ ಹಿಂದೆ ಕೂತು ಬಾಯೇ ಬಿಡದ ಅದ್ರಾಮ,
ಬ್ಯಾರಿಯಲ್ಲಿ ತನ್ನಷ್ಟಕ್ಕೆ ಏನೋ ಗುನುಗಿದ,
ಮೀನಿಗೆ ಹೇಳಿದ ಹಾಗೆ, ದೋಣಿಗೆ ಕೇಳದ ಹಾಗೆ.
ಎಂಥ ಕಂಠ!
ನೀನೂ ಹಾಡು ಎಂದು ಯಾರೂ ಹೇಳಲಿಲ್ಲ.
ರೈಲು ದಾಟಿತು. ಅವನು ನಿಲ್ಲಿಸಿದ.

ಆಗ ಸಂಜೀವನೆಂದ:
"ಆ ಮೋಟರೊಮ್ಮೆ ಬಂದ್ ಮಾಡಿ.
ಎಲ್ಲದರಲ್ಲೂ ಅದೇ ಕೇಳ್ತದೆ."

ಚಪ್ಪಲಿಗಳು ನಡೆದವು. ಖಟ್.
ನನ್ನ ತಂಬೂರಿ ನಿಂತಿತು.

ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ.
ಖಟ್. ನಿಂತಿತು. ಖಟ್. ನಿಂತಿತು.
ಬಂದರು ದಾರಿಯ ಐಸ್ ಫ್ಯಾಕ್ಟರಿ ಅದು,
ಗೋಡೆಯೊಳಗೆ ಉಮಿ ತುಂಬಿದ ತಣ್ಣನೆಯ ಕೋಣೆ,
ರಾತ್ರಿ ಬಾಡಿಗೆಗೆ ಸಿಕ್ಕ ಸ್ಟುಡಿಯೋ.
ಮೂವತ್ತೇಳು ವರ್ಷ ನಾನು ಜತೆಗಿಟ್ಟುಕೊಂಡ ಹೆಂಗಸು
ಬಂಗುಡೆಗೆಂದು ಮಂಜು ಕಟ್ಟುತ್ತಿದ್ದ ಕಂಪ್ರೆಸರು.

ಆಮೇಲಿನ ಮೂರು ಹಾಡು ಯಾರೂ ಕೇಳದವು.
ಚೆನ್ನಾಗಿವೆ ಎನ್ನಲು ಬಾಯಿ ಬರಲಿಲ್ಲ.
ಸಂಜೀವನ ಸ್ವರ
ಅಸ್ತರಿಲ್ಲದ ಕೋಟಿನ ಹಾಗೆ ಜೋಲುತ್ತಿತ್ತು.
ಮೂರನೆಯದರ ನಡುವೆ ಅವನೇ ನಿಲ್ಲಿಸಿ
"ಶ್ರುತಿ ಎಲ್ಲಿ ಹೋಯ್ತು ಮಾರಾಯ?" ಎಂದ. ನಕ್ಕರು.
ಹೊರಗೆ ಯಾರೋ ಬಾಗಿಲು ಗುದ್ದಿದರು, "ಐಸ್ ಕರಗ್ತದೆ!"
ಟೇಪು ಅಲ್ಲಿಗೆ ಮುಗಿಯಿತು.

ಶನಿವಾರ ಮಗಳು ಬಂದಳು. ಕೋಟು ಹುಡುಗನಿಗೆ ಸರಿಯಾಯಿತು.
ಜೇಬನ್ನು ಮಾತ್ರ ನಾನು ಸಣ್ಣ ಮಾಡಿರಲಿಲ್ಲ.
ಕ್ಯಾಸೆಟ್ ಕೈಗಿಟ್ಟೆ.
"ಅಪ್ಪ ಹೇಳಿಯೇ ಇರಲಿಲ್ಲ. ಏನುಂಟು ಇದರಲ್ಲಿ?"
"ರೈಲು" ಎಂದೆ.
ಕೂಲಿ ಎಷ್ಟೆಂದು ಕೇಳಿದಾಗ
ಹಳೆಯದನ್ನೂ ಸೇರಿಸಿ ಹೇಳಹೊರಟವನು
ನೂರೈವತ್ತು ಎಂದೆ.

ಆ ರಾತ್ರಿ ಎರಡು ಗಂಟೆಗೆ
ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎಂದಿತು.
ಎದ್ದು ಕೂತೆ. ಸ್ವರ ತುಸು ಮೇಲಿತ್ತು.
ಅದ್ರಾಮನ ಆ ಸಾಲು.
ಬ್ಯಾರಿ ನನಗೆ ಅರ್ಧ ಬರುತ್ತದೆ,
ಆ ಅರ್ಧವನ್ನೇ ಎತ್ತಿಕೊಂಡೆ.
"ಯಾರೊಟ್ಟಿಗೆ ಮಾತು?" ಸುಗುಣ ಒಳಗಿನಿಂದ ಕೇಳಿದಳು.
ಫ್ರಿಜ್ಜು ನಿಂತಿತು.
ನಾನೂ ನಿಲ್ಲಿಸಿದೆ.