ಒಂದೂವರೆ ತೊಲ

ಮೂವತ್ತು ವರ್ಷ ಊರವರ ರೇಡಿಯೋ ಬಿಚ್ಚಿದವನು
ಕೊನೆಗೆ ನನ್ನದನ್ನೇ ಬಿಚ್ಚಿ
ಹಳೇ ಕೊಡೆಯ ಕಾವಿಗೆ ಕಟ್ಟಿದೆ.
ತುದಿಗೊಂದು ಪ್ಲಾಸ್ಟಿಕ್ ತಟ್ಟೆ, ಅದರಂಚಿಗೆ
ಇಪ್ಪತ್ತಾರು ಸುತ್ತು ತಾಮ್ರದ ತಂತಿ.
ನೆಲದಡಿ ಲೋಹವಿದ್ದರೆ ಕುಂಯ್ ಅನ್ನುತ್ತದೆ,
ಗೋಣಿಚೀಲದೊಳಗಿನ ನಾಯಿಮರಿಯ ಹಾಗೆ.

ಭಾನುವಾರ. ಪಾಲಹಳ್ಳಿಯಲ್ಲಿ
ಕಬ್ಬು ಕಡಿದು ಕೂಳೆಯೂ ಕಿತ್ತ ಗದ್ದೆ.
ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ ಪುಟ್ಟಮಾದಮ್ಮ:
“ಅದೇನ್ ಉಡುಕೀಯೋ ಉಡುಕು.
ಓದ್ವರ್ಸ ಕಳ್ದೋದ ನನ್ ಕುಡ್ಲು ಸಿಕ್ರೆ ಮಾತ್ರ
ಕೊಟ್ಬುಡು.”

ಕುಂಯ್. ಬಿಯರಿನ ಮುಚ್ಚಳ.
ಕುಂಯ್. ಟ್ರ್ಯಾಕ್ಟರಿನ ನಟ್ಟು.
ಕುಂಯ್. ಮತ್ತೆ ಬಿಯರಿನ ಮುಚ್ಚಳ.
ಬಿಸಿಲೇರುವ ಹೊತ್ತಿಗೆ ನಿಜಕ್ಕೂ ಕುಡ್ಲು!
ಹಿಡಿಯನ್ನು ಗೆದ್ದಲು ತಿಂದಿತ್ತು, ಅಲಗು ಉಳಿದಿತ್ತು.
ಸೆರಗಲ್ಲಿ ಒರೆಸಿ, ಹೆಬ್ಬೆರಳಲ್ಲಿ ಸವರಿ,
ಮೊದಲ ಸಲ ಅವಳು ನನ್ನ ಯಂತ್ರವನ್ನು
ಅಳಿಯನನ್ನು ನೋಡುವಂತೆ ನೋಡಿದಳು.

ನಾನು ಮನೆಗೆ ಹೋಗಬಹುದಿತ್ತು.
ಹೊಳೆ ಕಡೆಯ ಮೂಲೆಯಲ್ಲಿ ಸದ್ದು ದಪ್ಪಗಾಯಿತು.
ಬಂಗಾರ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.
ಈ ಸೀಮೆಯಲ್ಲಿ ನೇಗಿಲು ಕಲ್ಲಿಗೆ ತಾಗಿದರೂ
ಕೊಪ್ಪರಿಗೆ ಅಂತಾರೆ ಜನ.
ಮೊಳದಾಳದಲ್ಲಿ ಎದ್ದು ಬಂದದ್ದು
ಮೋದಕದಷ್ಟು ಗಾತ್ರದ ಹಿತ್ತಾಳೆ ಬಟ್ಟು,
ನೆತ್ತಿಯ ಮೇಲೆ ಅರ್ಧ ಚಂದ್ರನ ಮುದ್ರೆ.

ಗಂಜಾಮಿನ ಚಿನಿವಾರ ನಂಜಾಚಾರಿ
ಕನ್ನಡಕ ಹಣೆಗೇರಿಸಿ ತಕ್ಕಡಿಗಿಟ್ಟ.
“ಅಚ್ಚೇರು. ಹನ್ನೆರಡು ತೊಲ ತೂಗಬೇಕು,
ಹತ್ತೂವರೆ ತೂಗ್ತದೆ.” ಬೋರಲು ಹಾಕಿದ.
ತಳ ಕೊರೆದು, ಒಳಗೆ ಅರಗು ತುಂಬಿ,
ಮೇಲೆ ನಾಜೂಕಾಗಿ ತಗಡು ಬೆಸೆದಿತ್ತು.
ಕಸುಬು ಬಲ್ಲವನ ಕೈ. ಇಬ್ಬರೂ
ಹೊಟ್ಟೆ ಹಿಡಿದು ನಕ್ಕೆವು:
ಇನ್ನೂರು ವರ್ಷದ ಮೇಲೆ ಸಿಕ್ಕಿಬಿದ್ದ ಕಳ್ಳ!

ರಾತ್ರಿ ನಗು ಬರಲಿಲ್ಲ.
ಆ ಒಂದೂವರೆ ತೊಲ ಯಾವ ಬಾಣಂತಿಯ ಬೆಲ್ಲ?
ತಪಾಸಣೆಯವನ ಕುದುರೆ ಸದ್ದಿಗೆ ಹೆದರಿ ಎಸೆದನೋ,
ಮಗಳೇನಾದರೂ ಕಂಡುಹಿಡಿದು
ಅವನಿಗೆ ಹೇಳದೆ ಹೂತಳೋ?
ನಾನಾದರೂ ಎಷ್ಟು ಸಲ
ಬರೀ ಧೂಳು ಊದಿ, ಒಂದು ಬೆಸುಗೆ ಹಾಕಿ,
“ಕಂಡೆನ್ಸರ್ ಹೋಗಿತ್ತು” ಅಂತ
ಹನ್ನೆರಡು ರೂಪಾಯಿ ಈಸಿಕೊಂಡಿಲ್ಲ.
ಆ ರೇಡಿಯೋಗಳು ಚೆನ್ನಾಗಿಯೇ ಹಾಡಿದವು.

ಸೋಮವಾರ ತಾಲ್ಲೂಕು ಕಚೇರಿ.
ನೆಲದಲ್ಲಿ ಸಿಕ್ಕಿದ್ದು ಸರ್ಕಾರದ್ದು, ಅದು ಗೊತ್ತು.
ಗುಮಾಸ್ತೆ ದೊಡ್ಡ ಪುಸ್ತಕ ತೆರೆದರು.
ಎಲ್ಲಿ ಸಿಕ್ತು, ಬರೆದರು.
ಯಾರ ಜಮೀನು, ಬರೆದರು.
“ತೂಕ ಎಷ್ಟು ಅಂತ ಹಾಕ್ಲಿ?”

“ಇರಬೇಕಾದ್ದೋ, ಇರೋದೋ?” ಅಂದೆ.
ಅವರು ತಲೆಯೆತ್ತಿ ನೋಡಿದರು.
ಫ್ಯಾನು ಜೋರಾಗಿ ತಿರುಗುತ್ತಿತ್ತು.
ಬಟ್ಟನ್ನು ಎತ್ತಿ, ಹಾರುತ್ತಿದ್ದ ಅರ್ಜಿಗಳ ಮೇಲಿಟ್ಟರು.
ಅಷ್ಟೂ ಕಾಗದ ತೆಪ್ಪಗಾಯಿತು.
ಆ ಕೆಲಸಕ್ಕೆ
ಹತ್ತೂವರೆ ಧಾರಾಳ ಸಾಕಿತ್ತು.