ಬಿದ್ದ ರೊಟ್ಟಿ

ಐತಾರ ಮಗ್ಗಕ್ಕ ಸೂಟಿ, ಒಲಿಗಿ ಸೂಟಿಲ್ಲ.
ವಾರಕ್ಕ ನಲವತ್ತು ರೊಟ್ಟಿ,
ನಾ ಬಡೀತೀನಿ.
ಶಾಕಂಬರಿ, ಹತ್ತು ತುಂಬಿದಾಕಿ,
ಹಂಚಿನಿಂದ ತಗದದ್ದು ಒಲಿ ಸುತ್ತ ಆನಿಸಿ ನಿಲ್ಲಸ್ತಾಳ,
ಕಡಕ್ ಆಗೂತನಾ ಕಣ್ಣು ಕೀಳೂದಿಲ್ಲ.
ದಾನೇಶನ ಕೆಲಸ ಎಣಸೂದು.
ಇಪ್ಪತ್ತೊಂಬತ್ತಾದ ಮ್ಯಾಲ ಅವಗ
ಮತ್ತ ಇಪ್ಪತ್ತ ಬರತೈತಿ.
ಹಿಂಗಾಗಿ ಅವನ ಲೆಕ್ಕದಾಗ
ನಮ್ಮನಿ ರೊಟ್ಟಿ ಎಂದೂ ತೀರಿಲ್ಲ.

ಹುರದ ಶೇಂಗಾ ಮರದಾಗ ಹಾಕಿ ತಿಕ್ಕಿ
ಉಫ್ ಅಂತ ಊದ್ತಾನ,
ಸಿಪ್ಪಿ ಎಲ್ಲಾ ಅಕ್ಕನ ಜಡಿಯಾಗ.
ಮಡಕಿಕಾಳು ನಾವ ನೇದ ಸೀರಿ ತುಂಡಿನಾಗ ಕಟ್ಟಿ
ಗೂಟಕ್ಕ ಜೋತ ಬಿಟ್ರ
ಮರುದಿನ ಗಂಟು ಬಿಚ್ಚಿ ಒದರತಾನ:
ಅವ್ವಾ, ಕಾಳಿಗಿ ಬಾಲ ಬಂದಾವು!

ಗುರೆಳ್ಳು ಚಟ್ನಿ ಒಂದು ಡಬ್ಬಿ, ಶೇಂಗಾದ್ದು ಒಂದು.
ಉಳ್ಳಾಗಡ್ಡಿ ತುಟ್ಟಿ ಆದ ವಾರ ಮೂಲಂಗಿ,
ಮೂಲಂಗಿನೂ ತುಟ್ಟಿ ಆದ್ರ ಅದರ ತಪ್ಪಲ.
ಮೊಸರು ಅಲ್ಲೇ ಬಾಜೂಮನಿ ಕಾಶವ್ವನ ಎಮ್ಮಿದು,
ಆಕಿ ಕುಪ್ಪಸ ನಾ ಹೊಲಕೊಡ್ತೀನಿ, ರೊಕ್ಕದ ಮಾತಿಲ್ಲ.

ಆವತ್ತು ಬುಧವಾರ.
ಮಧ್ಯಾಹ್ನ ಹೋದ ಕರೆಂಟು
ರಬಕವಿಗೆ ತಿರುಗಿ ಬಂದದ್ದು ದೀಪ ಹಚ್ಚೂ ಹೊತ್ತಿಗಿ.
ಸೀರಿ ಲೆಕ್ಕದ ಕೂಲಿ ನಮ್ಮದು.
ಕರೆಂಟು ಇದ್ದಾಗ ನಿಂತವರಿಗಷ್ಟ ಹಿಟ್ಟು.
ಸಾವುಕಾರರ ಫೋನಿಂದ ಮನಿಗಿ ಹಚ್ಚಿ ಹೇಳಿದೆ:
ತಡ ಆಕ್ಕೈತಿ,
ಚಟ್ನಿ ಹಚಗೊಂಡು ತಿನ್ರಿ,
ಒಲಿ ಮಾತ್ರ ಹಚ್ಚಬ್ಯಾಡ್ರಿ.
ತಾಸಾದ ಮ್ಯಾಲ ಆಕಡಿಂದ ಫೋನು.
ಹದಿನಾರು ಮಗ್ಗದ ಖಟಾಖಟದಾಗ
ಶಾಕಿ ಏನೇನೋ ಅಂದಳು,
ನನಗ ಕೇಳಿಸಿದ್ದು ಒಂದ ಮಾತು:
ಬಿತ್ತು.

ಯಾರು? ಎಲ್ಲಿಂದ?
ಫೋನು ಕಟ್.
ಎಳಿ ಹರದದ್ದು ಹರದಂಗ ಬಿಟ್ಟು
ಚಪ್ಪಲಿ ಒಂದು ನಂದು, ಒಂದು ಯಾರದೋ ಮೆಟ್ಟಿ
ಓಡಿದೆ.
ಓಣಿ ಅಷ್ಟ ಉದ್ದ ಇದ್ದದ್ದು
ಹದಿಮೂರು ವರ್ಷದಾಗ ನನಗ ಗೊತ್ತಿರಲಿಲ್ಲ.

ಬಾಗಿಲ ಹಿಂದ ದಾನೇಶ, ಬಾಯಾಗ ಅಂಗಿ ಚುಂಗು.
ಕೈ ನೋಡಿದೆ, ಕಾಲು ನೋಡಿದೆ, ತಲಿ ತಡವಿದೆ.
ನಾ ಅಲ್ಲವ್ವ, ಬುಟ್ಟಿ, ಅಂದ.
ಡಬ್ಬಿ ಮ್ಯಾಲ ಡಬ್ಬಿ ಇಟ್ಟು ಹತ್ತಿದ್ನಂತ.
ಗಂಟು ಬಿಚ್ಚಿರಲಿಲ್ಲ, ಪುಣ್ಯ,
ಆದ್ರ ಒಳಗ ಇದ್ದ ಹದಿನೇಳು ರೊಟ್ಟಿ
ಒಂದೂ ರೊಟ್ಟಿ ಆಗಿ ಉಳದಿರಲಿಲ್ಲ.

ಒಲಿ ತಣ್ಣಗಿತ್ತು.
ನಡುಮನ್ಯಾಗ ಹಿಟ್ಟು ನಾದೂ ದೊಡ್ಡ ಪರಾತ,
ಅದರಾಗ ರೊಟ್ಟಿ ಚೂರು, ಬಾಲದ ಕಾಳು,
ಗುದ್ದಿ ಒಡದ ಉಳ್ಳಾಗಡ್ಡಿ,
ಎರಡೂ ಡಬ್ಬಿ ಚಟ್ನಿ, ಹಸಿ ಎಣ್ಣಿ, ಕಾಶವ್ವನ ಮೊಸರು.
ಸುತ್ತ ಅಂಚಿಗಿ ಮುರದ ರೊಟ್ಟಿ ಮೂಲಿ ಚುಚ್ಚಿ
ಕ್ವಾಟಿ ಕಟ್ಟಿದ್ದ ಆ ಗುಲಾಮ.
ಬೈತೀಯೇನು, ಅಂದಳು ಶಾಕಿ.
ಬೈಬೇಕಂತನ ಬಾಯಿ ತಗದೆ,
ಆಕಿ ಒಂದು ತುತ್ತು ಒಳಗ ಇಟ್ಟಳು.

ಕರಕರ ಸ್ವಲ್ಪ, ಮೆತ್ತಗ ಸ್ವಲ್ಪ.
ಉಪ್ಪು ಎರಡು ಸಲ ಬಿದ್ದಿತ್ತು,
ಇಬ್ಬರೂ ಒಬ್ಬರಿಗೊಬ್ಬರು ಹೇಳದ ಹಾಕಿದ್ರು.
ಇನ್ನಷ್ಟು ಮೊಸರು ಸುರವಿ
ನಾನೂ ಕೂತೆ, ಕಾಲಾಗಿನ ಪರರ ಚಪ್ಪಲಿ ಬಿಟ್ಟಿರಲಿಲ್ಲ.

ಹುಡುಗರಪ್ಪ ಬಂದವರು ಪರಾತ ನೋಡಿ
ಇದೇನಿದು, ಯಾವೂರ ಅಡಿಗಿ, ಅಂದ್ರು.
ಬಿದ್ದ ರೊಟ್ಟಿ! ಅಂದ ದಾನೇಶ.
ಅವರು ನೆಲ ನೋಡಿದ್ರು,
ನನ್ನ ನೋಡಿದ್ರು,
ಕೈ ತೊಳಕೊಂಡು ಕೂತ್ರು.

ಈಗ ಬುಟ್ಟಿ ಕೆಳಗಿನ ಗೂಡಿನಾಗ ಇಟ್ಟೇನಿ,
ಆರು ವರ್ಷದ ಕೈಗೆ ಎಟಕೂವಂಗ.
ಹತ್ತೂದಿಲ್ಲ, ಜಾರೂದಿಲ್ಲ.
ಆದ್ರೂ ಬುಧವಾರ ಬಂತಂದ್ರ
ಒಂದೆರಡು ರೊಟ್ಟಿ
ತಾವ ಬೀಳತಾವು.