ಇಳಿ ಸವಾಲು

ಆಲ್‌ಸ್ಟನ್ನಿನ ಅಡುಗೆಮನೆಯಲ್ಲಿ ಬೆಳಿಗ್ಗೆ ಹತ್ತಕ್ಕೆ
ನೊರೀನ್ ಟ್ಯಾಲೆಂಟೈರ್ ಲ್ಯಾಪ್‌ಟಾಪಿನ ಮುಂದೆ ಕೂತಳು,
ಕೋಟು ಬಿಚ್ಚಿರಲಿಲ್ಲ.
ಹೊರಗೆ ಹದಿನಾರು ಸೀಟಿನ ಶಾಲೆ ಬಸ್ಸು, ಇನ್ನೂ ಬಿಸಿ.

ಸವಾಲು ಕೂಗುವವನಿಲ್ಲ, ಸುತ್ತಿಗೆಯಿಲ್ಲ,
ಎದುರಾಳಿಗೆ ಮುಖವಿಲ್ಲ. ಬರೀ ಒಂದು ಅಂಕಿ,
ಅದೂ ಬಾವಿಗೆ ಬಿಟ್ಟ ಕೊಡದ ಹಾಗೆ
ಕೆಳಗೆ, ಕೆಳಗೆ.

ದಿನಕ್ಕೆ ತೊಂಬತ್ತನಾಲ್ಕು ಪೌಂಡು.
ತೊಂಬತ್ತು: ಹೋಗಲಿ, ಟೈರು ಇನ್ನೊಂದು ಚಳಿಗಾಲ ತಾಳೀತು.
ಎಂಬತ್ತಮೂರು: ತನ್ನ ಸಂಬಳದಲ್ಲಿ ಅರ್ಧ.
ಎಂಬತ್ತರ ಕೆಳಗಿರುವುದು
ಹಿಂದಿನ ಸೀಟಿನಲ್ಲಿ ಮಕ್ಕಳ ಜತೆ ಕೂರುವ ಡೋರಿನ್‌ಳ ಅನ್ನ.

ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಇಳಿದರೆ
ಗಡಿಯಾರಕ್ಕೆ ಮತ್ತೆರಡು ನಿಮಿಷ ಆಯುಸ್ಸು.
ಕೆಟಲ್ ಎರಡು ಸಲ ಕುದಿದು ಆರಿತು.

ನೆಂಟ್‌ಹೆಡ್ಡಿನಲ್ಲಿ ಒಬ್ಬ ಹುಡುಗ, ಫರ್ಗಸ್.
ಕಲ್ಲುಗೋಡೆಯನ್ನು ಕೊನೆಯ ಕಲ್ಲಿನ ತನಕ
ಮುಟ್ಟಿ ಮುಗಿಸದೆ ಬಸ್ಸು ಹತ್ತುವವನಲ್ಲ.
ಅವನ ಆ ನಾಲ್ಕು ನಿಮಿಷಕ್ಕೆ
ಪರದೆಯ ಮೇಲೆ ಕಾಲಂ ಇರಲಿಲ್ಲ.

ಎಪ್ಪತ್ತೊಂದು, ಅಂದಿತು ಯಾರದೋ ಬೆರಳು.
ಅವಳು ಮೌಸ್ ಬಿಟ್ಟು ಕೈ ಒರೆಸಿಕೊಂಡಳು.
ಒಂದು ಸಲ, ಎರಡು ಸಲ ಅನ್ನದೆಯೇ
ಮುಗಿದುಹೋಯಿತು.

ಮೂರೂಕಾಲಿಗೆ ಮಕ್ಕಳನ್ನು ಕರೆತರಬೇಕು,
ಜುಲೈವರೆಗೂ ದಾರಿ ಅವಳದೇ.
ಗೆದ್ದವರು ಯಾರೋ, ಅವರಿಗೊಂದು ಚೀಟಿ ಬರೆದಿಡಬೇಕು:
ಫರ್ಗಸ್. ಗೋಡೆ. ಹಾರ್ನ್ ಮಾಡಬೇಡಿ.